ಮಡಚದ ಚಾಕು

1991ರಲ್ಲಿ ಆಸ್ಟ್ರಿಯಾ ಮತ್ತು ಇಟಲಿಯ ಗಡಿಯಲ್ಲಿರುವ ಆಲ್ಪ್ಸ್ ಪರ್ವತದ ಮಂಜಿನಲ್ಲಿ ಒಬ್ಬ ಮನುಷ್ಯನ ದೇಹ ಸಿಕ್ಕಿತು. ಐದು ಸಾವಿರ ವರ್ಷಗಳಿಗೂ ಹಿಂದೆ ಸತ್ತವನು. ಓಟ್ಜಿ ಎಂಬ ಹೆಸರಿನಿಂದ ಅವನು ಈಗ ಪ್ರಸಿದ್ಧ. ಅವನ ಬಳಿ ತಾಮ್ರದ ಕೊಡಲಿ ಇತ್ತು, ಬಿಲ್ಲು ಇತ್ತು. ಅವುಗಳ ಜೊತೆಗೆ ಒಂದು ಪುಟ್ಟ ಚಾಕೂ ಇತ್ತು. ಕಲ್ಲಿನ ಅಲಗು, ಮರದ ಹಿಡಿ, ನಾರಿನಿಂದ ಹೆಣೆದ ಒರೆ. ಹಿಡಿಯೂ ಸೇರಿ ಉದ್ದ ಸುಮಾರು 13 ಸೆಂಟಿಮೀಟರ್. ಈ ಹೊತ್ತು ನಾನು ಮಾತನಾಡಲಿರುವ ಚಾಕುವಿಗೂ ಇರುವುದು ಈ ಮೂರೇ ಅಂಗ.

ನಮ್ಮಲ್ಲಿ ಹೆಚ್ಚಿನವರು ಕಂಡಿರುವುದು ಜೇಬಿನಲ್ಲಿಡುವ ಮಡಚುವ ಚಾಕು. ಕಾಲೇಜಿನಲ್ಲಿದ್ದಾಗ ನನ್ನ ಬಳಿಯೂ ಅಂಥದೊಂದಿತ್ತು. ಸಸ್ಯಶಾಸ್ತ್ರದ ಪ್ರವಾಸದಲ್ಲಿ ತೊಗಟೆಯ ಚೂರೊಂದನ್ನು ಎಬ್ಬಿಸಲು ಅದರ ಮೊನೆಯನ್ನು ಚುಚ್ಚಿ ಬಲವಾಗಿ ಒತ್ತಿದೆ. ಅಲಗು ತಟ್ಟನೆ ಮಡಚಿಕೊಂಡು ತೋರುಬೆರಳಿನ ಒಳಮೈಯನ್ನು ಕೊಯ್ದುಬಿಟ್ಟಿತು. ಗಾಯ ಮಾಯಿತು; ಆದರೆ ಆ ಬೆರಳಿನ ತುದಿಗಿಣ್ಣು ಇಂದಿಗೂ ಪೂರ್ತಿ ಬಾಗುವುದಿಲ್ಲ. ಸೀಮೆಸುಣ್ಣ ಹಿಡಿದಾಗಲೆಲ್ಲ ಅದು ನೆನಪಾಗುತ್ತದೆ. ತಪ್ಪು ಎರಡು. ತಡೆಯಿಲ್ಲದ ಕೀಲಿನ ಚಾಕುವಿನಿಂದ ಚುಚ್ಚಿದ್ದು ಒಂದು, ಕೊಯ್ಯುವ ಉಪಕರಣವನ್ನು ಸನ್ನೆಗೋಲು ಮಾಡಿಕೊಂಡದ್ದು ಇನ್ನೊಂದು. ಕೀಲೇ ಇಲ್ಲದ ಚಾಕುವಿನಲ್ಲಿ ಮೊದಲನೆಯದಕ್ಕೆ ಅವಕಾಶವಿಲ್ಲ. ಎರಡನೆಯದು ನಮ್ಮ ಬುದ್ಧಿಗೆ ಬಿಟ್ಟದ್ದು.

ಅಲಗು ಸ್ಥಿರವಾಗಿರುವ ಕತ್ತಿಗಳು ನಮಗೆ ಹೊಸವಲ್ಲ. ಮಲೆನಾಡಿನಲ್ಲಿ ತೋಟಕ್ಕೆ ಹೋಗುವವರು ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡೇ ಹೊರಡುತ್ತಾರೆ. ಅದು ಕೊಂಬೆ ಕಡಿಯಲು ತಕ್ಕದ್ದು. ಹಣ್ಣು ಹೆಚ್ಚಲು, ಹುರಿ ಕತ್ತರಿಸಲು, ಕಡ್ಡಿ ಕೆತ್ತಲು ದೊಡ್ಡದಾಯಿತು. ಕೊಡವರ ಪೀಚೆಕತ್ತಿಯನ್ನು ಇಂದು ಹೆಚ್ಚಾಗಿ ಕಾಣುವುದು ಮದುವೆ ಹಬ್ಬಗಳ ಉಡುಪಿನಲ್ಲಿ. ದಿನಬಳಕೆಯ ಸಣ್ಣ ಚಾಕುವಿಗೆ ಒಳ್ಳೆಯ ಮಾದರಿಗಳು ಫಿನ್‌ಲೆಂಡಿನ ‘ಪೂಕ್ಕೊ’ ಮತ್ತು ಸ್ವೀಡನ್ನಿನ ಮೋರಾ ಪಟ್ಟಣದ ಹೆಸರಿನ ಚಾಕು. ಆಡಂಬರವಿಲ್ಲದ ನೇರ ಬೆನ್ನು, ಕೈತುಂಬುವ ಹಿಡಿ, ಆಳವಾದ ಒರೆ. ಅಲ್ಲಿ ಮಕ್ಕಳು ಹಿರಿಯರ ಪಕ್ಕದಲ್ಲಿ ಕುಳಿತು ಇಂಥದರಲ್ಲೇ ಮರ ಕೆತ್ತಲು ಕಲಿಯುತ್ತಾರೆ.

ಕೊಳ್ಳುವಾಗ ಏನು ನೋಡಬೇಕು? ಅಲಗು ನಿಮ್ಮ ಅಂಗೈಯ ಅಗಲದಷ್ಟಿದ್ದರೆ ಸಾಕು. 7ರಿಂದ 9 ಸೆಂಟಿಮೀಟರ್. ಬೆನ್ನಿನ ದಪ್ಪ 2ರಿಂದ 3 ಮಿಲಿಮೀಟರ್. ದಪ್ಪ ಹೆಚ್ಚಾದರೆ ಚಾಕು ಕೊಯ್ಯುವುದಿಲ್ಲ, ಸೀಳುತ್ತದೆ. ಸೇಬನ್ನು ಹೆಚ್ಚಲು ಹೋದರೆ ಅದು ಬೆಣೆ ಹೊಡೆದಂತೆ ಎರಡು ಹೋಳಾಗುತ್ತದೆ! ಬೆನ್ನಿಗೆ ಗರಗಸದ ಹಲ್ಲು, ಹಿಡಿಯಲ್ಲಿ ದಿಕ್ಸೂಚಿ ಇರುವ ಸಿನಿಮಾ ಚಾಕುಗಳು ಅಂಗಡಿಯ ಗಾಜಿನೊಳಗೆ ಮಾತ್ರ ಚೆನ್ನ. ಅಲಗಿನ ಬಾಲ ಹಿಡಿಯೊಳಗೆ ಎಷ್ಟು ದೂರ ಹೋಗಿದೆಯೆಂದು ಕೇಳಿ. ಹಿಡಿಯ ಕೊನೆಯವರೆಗೆ ಇದ್ದರೆ ಉತ್ತಮ. ಒದ್ದೆ ಕೈಯಲ್ಲಿ ಹಿಡಿದು ನೋಡಿ. ಬೆರಳು ಅಲಗಿನ ಕಡೆಗೆ ಜಾರುವಂತಿದ್ದರೆ ಬೇಡ.

ಉಕ್ಕಿನ ಬಗ್ಗೆ ಸ್ವಲ್ಪ ಹೇಳಬೇಕು. ಕಾರ್ಬನ್ ಉಕ್ಕನ್ನು ಮಸೆಯುವುದು ಸುಲಭ, ಆದರೆ ತುಕ್ಕು ಹಿಡಿಯುವುದೂ ಅಷ್ಟೇ ಬೇಗ. ನಿಂಬೆ, ಮಾವಿನಕಾಯಿ ತಗುಲಿದರೆ ಕಪ್ಪಾಗುತ್ತದೆ. ಶೇಕಡ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಬೆರೆತ ಸ್ಟೇನ್‌ಲೆಸ್ ಉಕ್ಕಿಗೆ ಈ ಕಾಟ ಕಡಿಮೆ. ಕರಾವಳಿಯವರಿಗೂ ಮರೆಗುಳಿಗಳಿಗೂ ಅದೇ ವಾಸಿ. ಗಡಸುತನವನ್ನು ರಾಕ್‌ವೆಲ್ ಮಾನದಲ್ಲಿ ಹೇಳುತ್ತಾರೆ. 56ರಿಂದ 60ರೊಳಗೆ ಇದ್ದರೆ ಹದವಾದುದು. ಮೆದುವಾದರೆ ಅಂಚು ಮಡಚಿಕೊಳ್ಳುತ್ತದೆ, ಅತಿ ಗಡಸಾದರೆ ಚಕ್ಕೆ ಏಳುತ್ತದೆ. ಅಂದಹಾಗೆ, ದಕ್ಷಿಣ ಭಾರತದ ಉಕ್ಕಿಗೆ ಇಂಗ್ಲಿಷಿನಲ್ಲಿ ‘ವೂಟ್ಸ್’ ಎನ್ನುತ್ತಾರೆ. ಅದು ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದಿರಬೇಕೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. 1819ರಲ್ಲಿ ಮೈಕೆಲ್ ಫ್ಯಾರಡೆ ಇದನ್ನು ರಾಸಾಯನಿಕವಾಗಿ ಪರೀಕ್ಷಿಸಿದ್ದರು.

ಅಲಗಿನಷ್ಟೇ ಮುಖ್ಯವಾದುದು ಒರೆ. ಚಾಕುವನ್ನು ಒರೆಯಲ್ಲಿಟ್ಟು ತಲೆಕೆಳಗಾಗಿ ಹಿಡಿದು ಕೊಡವಿ. ಬಿದ್ದರೆ ಆ ಚಾಕುವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಮೊನೆ ತೂರಿ ಹೊರಬರುವ ತೆಳು ಬಟ್ಟೆಯ ಒರೆಯೂ ಬೇಡ. ನಡೆಯುವಾಗ ಚಾಕು ಸೊಂಟದ ಪಕ್ಕದಲ್ಲಿರಲಿ, ಇಲ್ಲವೇ ಚೀಲದೊಳಗಿರಲಿ. ಹೊಟ್ಟೆಯ ಮುಂದೆ ಸಿಕ್ಕಿಸಿಕೊಂಡು ಮುಗ್ಗರಿಸಿದರೆ ಏನಾದೀತೆಂದು ಯೋಚಿಸಿ.

ಇನ್ನು ಬಳಕೆ. ಚಾಕು ತೆಗೆಯುವ ಮುನ್ನ ಕೈ ನೀಡಿ ಸುತ್ತ ತಿರುಗಿ ನೋಡಿ. ಆ ವೃತ್ತದೊಳಗೆ ಯಾರೂ ಇರಬಾರದು. ಕೆತ್ತುವಾಗ ಅಲಗು ಮೈಯಿಂದ ದೂರಕ್ಕೆ ಸಾಗಲಿ. ತೊಡೆಯ ಮೇಲಿಟ್ಟು ಕೆತ್ತುವ ಅಭ್ಯಾಸ ಬಹಳ ಕೆಟ್ಟದ್ದು. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳವಿದೆ, ಅದು ಕೊಯ್ದುಹೋದರೆ ಪ್ರಾಣ ಉಳಿಸಲು ಕೆಲವೇ ನಿಮಿಷ ಸಿಗುತ್ತದೆ. ಮೊಣಕೈಗಳನ್ನು ಮಂಡಿಗಳ ಮೇಲೆ ಊರಿ, ಮಂಡಿಗಳಿಂದ ಆಚೆಗೆ ಕೆತ್ತಿ. ಇನ್ನೊಬ್ಬರಿಗೆ ಕೊಡಬೇಕಾದಾಗ ಒರೆಗೆ ಸೇರಿಸಿ ಕೊಡಿ. ಚಾಕು ಕೈಜಾರಿದರೆ ಹಿಡಿಯಲು ಹೋಗಬೇಡಿ, ಕಾಲು ಸರಿಸಿ ಬೀಳಲು ಬಿಡಿ. ಆದರೂ ಗಾಯವಾದರೆ ಶುದ್ಧ ಬಟ್ಟೆಯಿಂದ ಒತ್ತಿಹಿಡಿದು ವೈದ್ಯರಲ್ಲಿಗೆ ಹೋಗಿ. ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಗಿತ್ತೆಂದು ಅವರು ಕೇಳುತ್ತಾರೆ.

ಕಾನೂನಿನ ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧಗಳ ಸಾಲಿಗೆ ಸೇರಿಸುತ್ತವೆ. ಮನೆಗೆಲಸ, ಬೇಸಾಯ ಮುಂತಾದವಕ್ಕೆಂದೇ ಮಾಡಿದವುಗಳಿಗೆ ವಿನಾಯಿತಿಯಿದೆ. ನಮ್ಮ ಪುಟ್ಟ ಚಾಕು ಈ ಅಳತೆಯೊಳಗಿನದು ನಿಜ. ಹಾಗೆಂದು ಶಾಲೆಗೆ, ಕಾಲೇಜಿಗೆ, ಜಾತ್ರೆಗೆ, ಸಭೆಗೆ ಒಯ್ಯಬೇಡಿ. ವಿಮಾನದ ಕೈಚೀಲದಲ್ಲಂತೂ ಬಿಡುವುದೇ ಇಲ್ಲ. ಮುಂದೆ ಓದಿಗೆ ಬ್ರಿಟನ್ನಿಗೆ ಹೋಗುವವರು ಗಮನಿಸಿ: ಅಲ್ಲಿ ಮಡಚದ ಚಾಕು ಎಷ್ಟೇ ಚಿಕ್ಕದಿರಲಿ, ತಕ್ಕ ಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಇಟ್ಟುಕೊಳ್ಳುವುದು ಅಪರಾಧ. ತೋಟ, ಚಾರಣ, ಸಸ್ಯಸಂಗ್ರಹ, ಕೆತ್ತನೆ—ಕೆಲಸವಿದ್ದ ದಿನ, ಮನೆಯ ಹಿರಿಯರಿಗೆ ತಿಳಿಸಿ ಒಯ್ಯಿರಿ.

ಮೊಂಡು ಚಾಕು ಹರಿತ ಚಾಕುವಿಗಿಂತ ಹೆಚ್ಚು ಅಪಾಯಕಾರಿ. ಅದನ್ನು ಬಲವಾಗಿ ಒತ್ತಬೇಕಾಗುತ್ತದೆ, ಒತ್ತಿದ್ದು ಜಾರುತ್ತದೆ. ಒಂದು ಸಾಣೆಕಲ್ಲು ಇಟ್ಟುಕೊಳ್ಳಿ. ಕಲ್ಲಿಗೆ ನೀರು ಹಾಕಿ, ಬೆನ್ನನ್ನು ಸ್ವಲ್ಪ ಎತ್ತಿ, 15ರಿಂದ 20 ಡಿಗ್ರಿಯ ಓರೆಯಲ್ಲಿ, ಅದೇ ಓರೆ ಕೊನೆಯವರೆಗೂ ತಪ್ಪದಂತೆ ಮಸೆಯಿರಿ. ಕೂದಲೆಳೆಯಂಥ ಲೋಹದ ಅಂಚು ಆಚೆ ಬದಿಗೆ ಹೊರಳಿದ್ದು ಉಗುರಿಗೆ ತಿಳಿಯುತ್ತದೆ. ಆಗ ಬದಿ ಬದಲಿಸಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಎಳೆಯಿರಿ. ವಿದ್ಯುತ್ ಚಕ್ರಕ್ಕೆ ಕೊಟ್ಟರೆ ಎರಡು ನಿಮಿಷದ ಕೆಲಸ ನಿಜ. ಆದರೆ ಕಾದು ಅಂಚು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಉಕ್ಕಿನ ಹದವೇ ಕೆಟ್ಟಿತು. ಹರಿತವನ್ನು ಪರೀಕ್ಷಿಸಲು ಬೆರಳು ಬೇಡ. ಮಾಗಿದ ಟೊಮೇಟೊ ಮೇಲೆ ಒತ್ತದೆ ಎಳೆದು ನೋಡಿ, ಸಿಪ್ಪೆ ತೆರೆದುಕೊಂಡರೆ ಸಾಕು. ಆಮೇಲೆ ತೊಳೆದು, ಒರಸಿ, ಕೊಬ್ಬರಿ ಎಣ್ಣೆ ಸವರಿಡಿ. ಮಳೆಗಾಲದಲ್ಲಿ ಚರ್ಮದ ಒರೆ ತೇವ ಹೀರುತ್ತದೆ. ಆ ತಿಂಗಳುಗಳಲ್ಲಿ ಚಾಕುವನ್ನು ಹೊರತೆಗೆದು, ಎಣ್ಣೆ ಸವರಿದ ಕಾಗದದಲ್ಲಿ ದಪ್ಪನಾಗಿ ಸುತ್ತಿ, ಚಿಕ್ಕ ಮಕ್ಕಳ ಕೈಗೆ ಸಿಗದ ಕಡೆ ಇಡಿ.