ಕಥೆಗಳಲ್ಲಿ ಬರುವ ಸನ್ನದಿಲ್ಲದ ವೈದ್ಯರು

(ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಇಂದು ನಾವು ಮಾತನಾಡಬೇಕೆಂದಿರುವುದು ಒಂದು ಪಾತ್ರದ ವಿಚಾರವಾಗಿ. ಪತ್ತೇದಾರಿ ಕಾದಂಬರಿ ಓದುವವರಿಗೂ ಸಿನಿಮಾ ನೋಡುವವರಿಗೂ ಇವನ ಪರಿಚಯವುಂಟು. ಊರಿನ ಅಂಚಿನ ಓಣಿಯಲ್ಲಿ ಇವನ ಮನೆ. ಬಾಗಿಲಿಗೆ ಹೆಸರಿನ ಹಲಗೆಯಿಲ್ಲ. ನಡುರಾತ್ರಿ ಗಾಯಗೊಂಡವನೊಬ್ಬನನ್ನು ಇಬ್ಬರು ಹೊತ್ತು ತಂದು ಬಾಗಿಲು ತಟ್ಟುತ್ತಾರೆ. ಇವನು ಹೆಸರು ಕೇಳುವುದಿಲ್ಲ. ಹಣ ಎಷ್ಟೆಂದು ಮಾತ್ರ ಹೇಳುತ್ತಾನೆ. ಒಂದಾನೊಂದು ಕಾಲದಲ್ಲಿ ದೊಡ್ಡ ಆಸ್ಪತ್ರೆಯಲ್ಲಿದ್ದವನು. ಕುಡಿತದಿಂದಲೋ ಯಾವುದೋ ಕೇಸಿನಿಂದಲೋ ಸನ್ನದು ಕಳೆದುಕೊಂಡವನು. ಆದರೂ ಕತ್ತಿ ಹಿಡಿದರೆ ಕೈ ನಡುಗದು.

ನಾವು ಗಿರಣಿಯ ಕಚೇರಿಯಲ್ಲಿ ಹಾಜರಿಯ ಲೆಕ್ಕ ಬರೆಯುವವರು. ಮೆಟ್ರಿಕ್ಕಿನಾಚೆಗೆ ಓದಿದವರಲ್ಲ, ವಿಮರ್ಶೆ ನಮ್ಮ ಕಸುಬೂ ಅಲ್ಲ. ಆದರೆ ರಜೆಯ ಅರ್ಜಿಯೊಂದಿಗೆ ಬರುವ ವೈದ್ಯರ ಸರ್ಟಿಫಿಕೇಟುಗಳನ್ನು ವರ್ಷಗಟ್ಟಲೆ ನೋಡಿದ್ದೇವೆ. ಸಹಿಯ ಕೆಳಗೆ ನೋಂದಣಿಯ ನಂಬರಿದ್ದರೆ ರಜೆಗೆ ಸಂಬಳ, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಸನ್ನದುಳ್ಳವನಿಗೂ ಇಲ್ಲದವನಿಗೂ ಇರುವ ಅಂತರವನ್ನು ಕಾಗದದ ಮೇಲಾದರೂ ಬಲ್ಲೆವು. ಆ ಬಲದ ಮೇಲೆಯೇ ಈ ಧೈರ್ಯ.

ನಮ್ಮ ಕನ್ನಡದಲ್ಲಿ ಓದಿಲ್ಲದ ವೈದ್ಯನಿಗೆ ಒಂದು ಹಳೆಯ ಹೆಸರಿದೆ: ಅಳಲೆಕಾಯಿ ಪಂಡಿತ. ಯಾವ ರೋಗಕ್ಕೂ ಅಳಲೆಕಾಯಿಯನ್ನೇ ತೇದು ಕೊಡುವವನು ಎಂದರ್ಥ. ಈ ಹೆಸರಿನಲ್ಲಿ ಹಾಸ್ಯವುಂಟು, ಭಯವಿಲ್ಲ. ಯಾಕೆಂದರೆ ಹಳ್ಳಿಯಲ್ಲಿ ವೈದ್ಯನನ್ನು ಅಳೆಯುವ ಕೋಲು ಬೇರೆಯೇ ಇತ್ತು. "ಅವರ ಕೈಗುಣ ಒಳ್ಳೆಯದು" ಎಂಬ ಒಂದು ಮಾತೇ ಸರ್ಟಿಫಿಕೇಟು. ಕೈಗುಣವಿದ್ದವನ ಮನೆಗೆ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಇಲ್ಲದವನನ್ನು ನೋಡಿ ನಗುತ್ತಿದ್ದರು. ಇಬ್ಬರೂ ಹಗಲುಹೊತ್ತಿನಲ್ಲಿ, ಎಲ್ಲರೆದುರಿಗೇ ಔಷಧ ಕೊಡುತ್ತಿದ್ದವರು. ಅಡಗಿ ಕೊಡಬೇಕಾದ ಪ್ರಮೇಯವಿರಲಿಲ್ಲ.

ಅಡಗಿಕೊಂಡ ವೈದ್ಯನು ಹುಟ್ಟಬೇಕಾದರೆ ಮೊದಲು ಒಂದು ಪಟ್ಟಿ ಹುಟ್ಟಬೇಕು. ಇಂಗ್ಲೆಂಡಿನಲ್ಲಿ 1858ರ ವೈದ್ಯಕೀಯ ಕಾನೂನು ಅಂಥ ಪಟ್ಟಿಯನ್ನು ಮಾಡಿತು. ನಮ್ಮಲ್ಲಿ ಮುಂಬಯಿ ಪ್ರಾಂತಕ್ಕೆ 1912ರಲ್ಲಿ ಕಾನೂನು ಬಂತು, ಮದರಾಸಿಗೆ 1914ರಲ್ಲಿ. ಪಟ್ಟಿಯೊಳಗೆ ಹೆಸರಿದ್ದವನು ಡಾಕ್ಟರು. ಹೊಡೆದುಹಾಕಿದರೆ ಅದೇ ಮನುಷ್ಯ, ಅದೇ ಕೈ, ಅದೇ ವಿದ್ಯೆ, ಆದರೆ ಡಾಕ್ಟರಲ್ಲ. ಕಥೆಗಾರರಿಗೆ ಬೇಕಾದುದು ಈ ಸಂದಿಯೇ. ಕೈಗುಣವುಂಟು, ಸಹಿಗೆ ಬೆಲೆಯಿಲ್ಲ; ಇಂಥವನ ಗತಿಯೇನು?

ಇದಕ್ಕೂ ಹಿಂದೆ ಷೇಕ್ಸ್‌ಪಿಯರನ ರೋಮಿಯೋ ಜೂಲಿಯೆಟ್ ನಾಟಕದಲ್ಲಿ ಒಬ್ಬ ಬಡ ಔಷಧ ಮಾರುವವನು ಬರುತ್ತಾನೆ. ವಿಷ ಮಾರಿದರೆ ಮರಣದಂಡನೆಯೆಂದು ತಿಳಿದೂ ಹೊಟ್ಟೆಗಿಲ್ಲದ ಕಾರಣ ರೋಮಿಯೋಗೆ ವಿಷ ಕೊಡುತ್ತಾನೆ. ಒಂದೇ ಸಣ್ಣ ದೃಶ್ಯ. ನಮ್ಮ ಕಥಾಪಾತ್ರದ ಮುತ್ತಾತ ಇವನೇ ಎಂದು ನಮಗೆ ತೋರುತ್ತದೆ.

ಪಾತ್ರಕ್ಕೆ ಈಗಿನ ವೇಷ ತೊಡಿಸಿದ್ದು ಅಮೆರಿಕ. ಅಲ್ಲಿಯ ಬಹುತೇಕ ರಾಜ್ಯಗಳಲ್ಲಿ ಗುಂಡೇಟಿನ ಗಾಯ ನೋಡಿದ ವೈದ್ಯನು ಪೊಲೀಸರಿಗೆ ತಿಳಿಸಲೇಬೇಕು. ಅಂದ ಮೇಲೆ ದರೋಡೆಕಾರನು ಆಸ್ಪತ್ರೆಗೆ ಹೋಗುವಂತಿಲ್ಲ. ಇದು ಬರೀ ಕಥೆಯೂ ಅಲ್ಲ. ಬ್ಯಾಂಕುಗಳನ್ನು ದೋಚಿ ಹೆಸರಾದ ಜಾನ್ ಡಿಲಿಂಜರನು 1934ರ ಮೇ ತಿಂಗಳಲ್ಲಿ ಷಿಕಾಗೋದ ಒಂದು ಮನೆಯಲ್ಲಿ ಗುಟ್ಟಾಗಿ ಮುಖದ ಶಸ್ತ್ರಕ್ರಿಯೆ ಮಾಡಿಸಿಕೊಂಡನು. ಪ್ರಜ್ಞೆ ತಪ್ಪಿಸಲು ಕೊಟ್ಟ ಈಥರಿನಿಂದಲೇ ಪ್ರಾಣ ಹೋಗುವುದರಲ್ಲಿತ್ತು. ಬೆರಳಿನ ಗುರುತನ್ನು ಆಮ್ಲದಿಂದ ಸುಡಿಸಿಕೊಂಡನು. ಇಷ್ಟೆಲ್ಲ ಪಟ್ಟ ಪಾಡಿಗೆ ಸಿಕ್ಕಿದ ಆಯುಷ್ಯ ಎರಡು ತಿಂಗಳಿಗೂ ಕಡಿಮೆ. ಜುಲೈ 22ರಂದು ಸಿನಿಮಾ ಮಂದಿರದಿಂದ ಹೊರಬರುವಾಗ ಕೇಂದ್ರ ಸರ್ಕಾರದ ಪತ್ತೇದಾರರ ಗುಂಡಿಗೆ ಬಿದ್ದನು. ಸುಟ್ಟ ಬೆರಳಿನಲ್ಲಿಯೂ ಗುರುತು ಹತ್ತುವಷ್ಟು ಗೆರೆ ಉಳಿದಿತ್ತು.

1946ರಲ್ಲಿ ಡೇವಿಡ್ ಗುಡಿಸ್ ಬರೆದ 'ಡಾರ್ಕ್ ಪ್ಯಾಸೇಜ್' ಕಾದಂಬರಿ ಮರುವರ್ಷವೇ ಚಿತ್ರವಾಯಿತು. ಹೆಂಡತಿಯನ್ನು ಕೊಂದನೆಂಬ ಸುಳ್ಳು ಆರೋಪದಲ್ಲಿ ಸೆರೆಗೆ ಹೋದವನು ತಪ್ಪಿಸಿಕೊಂಡು ಬರುತ್ತಾನೆ. ಟ್ಯಾಕ್ಸಿಯವನೊಬ್ಬ ಅವನನ್ನು ರಾತ್ರಿಯಲ್ಲಿ ಗುಟ್ಟಿನ ವೈದ್ಯನ ಬಳಿಗೆ ಒಯ್ಯುತ್ತಾನೆ. ಆ ಮುದುಕ ವೈದ್ಯ ಕುರ್ಚಿಯಲ್ಲಿ ಕುಳಿತವನಿಗೆ ಹೇಳುವುದೇನು? ತನಗೆ ಆಗದವನ ಮುಖವನ್ನು ಹೇಗೆ ಬೇಕಾದರೂ ಕೆಡಿಸಬಲ್ಲೆನೆಂದು! ಕೆಲಸವನ್ನೇನೋ ಸರಿಯಾಗಿಯೇ ಮಾಡುತ್ತಾನೆ. ಆದರೆ ದೂರು ಕೊಡಲು ಠಾಣೆಯಿಲ್ಲದ ಕಡೆ ಮುಖವನ್ನು ಒಪ್ಪಿಸಿ ಕುಳಿತವನ ಎದೆ ಹೇಗೆ ಹೊಡೆದುಕೊಳ್ಳುತ್ತದೆಂಬುದು ಆ ಒಂದು ದೃಶ್ಯದಿಂದ ತಿಳಿಯುತ್ತದೆ. ಉಳಿದ ಕಥೆ ಸಾಧಾರಣ.

ಇದರ ನಂತರ ಬಂದ ನೂರಾರು ಚಿತ್ರಗಳಲ್ಲಿ ಈ ವೈದ್ಯ ಅಚ್ಚಿನಲ್ಲಿ ಹೊಯ್ದ ಬೊಂಬೆಯಾದ. ಗಾಯಕ್ಕೆ ವಿಸ್ಕಿ ಸುರಿಯುತ್ತಾನೆ, ಚಿಮಟಿಗೆಯಿಂದ ಗುಂಡನ್ನು ಎಳೆಯುತ್ತಾನೆ, ಅದು ಬೋಗುಣಿಯಲ್ಲಿ ಟಣ್ಣೆಂದು ಬೀಳುತ್ತದೆ, ರೋಗಿ ಬದುಕಿದ! ಬಲ್ಲವರನ್ನು ಕೇಳಿದರೆ ನಗುತ್ತಾರೆ. ಗುಂಡು ಹೊರಗೆ ಬಂತೇ ಇಲ್ಲವೇ ಎಂಬುದಕ್ಕಿಂತ ರಕ್ತ ನಿಂತಿತೇ, ಒಳಗಿನ ಯಾವ ಅಂಗ ಹರಿದಿದೆ, ಗಾಯ ಕೀವಾಗದೆ ಇದ್ದೀತೇ ಎಂಬುದೇ ಮುಖ್ಯ. ತೊಂದರೆ ಕೊಡದ ಗುಂಡನ್ನು ದೊಡ್ಡ ಡಾಕ್ಟರುಗಳು ಎಷ್ಟೋ ವೇಳೆ ದೇಹದಲ್ಲಿಯೇ ಬಿಟ್ಟುಬಿಡುವುದುಂಟು.

ಬೊಂಬೆಗೆ ಜೀವ ಕೊಟ್ಟವನು ಜಪಾನಿನ ಒಸಾಮು ತೆಜುಕಾ (1928–1989). ಸ್ವತಃ ವೈದ್ಯಶಾಸ್ತ್ರ ಓದಿ ಪಾಸಾದವನು. ಆ ಕಸುಬು ಬಿಟ್ಟು ಚಿತ್ರಕಥೆ ಬರೆಯಲು ಕುಳಿತನು. ಅವನ 'ಬ್ಲ್ಯಾಕ್ ಜ್ಯಾಕ್' ಹುಡುಗರ ವಾರಪತ್ರಿಕೆಯೊಂದರಲ್ಲಿ 1973ರಲ್ಲಿ ಆರಂಭವಾಗಿ 1983ರವರೆಗೆ 200ಕ್ಕೂ ಮಿಕ್ಕಿ ಕಥೆಗಳಾಗಿ ಬಂತು. 2008ರಿಂದ ಇಂಗ್ಲಿಷಿನಲ್ಲಿ 17 ಸಂಪುಟಗಳಾಗಿ ಬಂದಿದೆ. ನಾವು ಓದಿದ್ದು ಅದನ್ನೇ, ನಿಘಂಟನ್ನು ಪಕ್ಕಕ್ಕಿಟ್ಟುಕೊಂಡು. ಬೊಂಬೆ ಪುಸ್ತಕವೆಂದು ಮೂಗು ಮುರಿಯುವವರು ಮೊದಲ ಕಥೆಯನ್ನಾದರೂ ಓದಬೇಕು. ಶ್ರೀಮಂತನೊಬ್ಬನ ಪುಂಡ ಮಗ ಮೋಟಾರು ಅಪಘಾತದಲ್ಲಿ ನುಜ್ಜಾಗಿ ಬಿದ್ದಿದ್ದಾನೆ. ಅವನನ್ನು ಉಳಿಸಲು ಬೇರೊಬ್ಬನ ದೇಹ ಬೇಕು. ತಂದೆಯು ಹಣದ ಬಲದಿಂದ ಬಡ ದರ್ಜಿ ಹುಡುಗನೊಬ್ಬನ ಮೇಲೆ ಸುಳ್ಳು ಅಪರಾಧ ಹೊರಿಸಿ ಮರಣದಂಡನೆ ಕೊಡಿಸುತ್ತಾನೆ. ಬ್ಲ್ಯಾಕ್ ಜ್ಯಾಕ್ ಬಾಯಿಗೆ ಬಂದಷ್ಟು ಹಣ ಕೇಳಿ ಕತ್ತಿ ಹಿಡಿಯುತ್ತಾನೆ. ಆಮೇಲೆ ನೋಡಿದರೆ ಸತ್ತವನು ಪುಂಡ ಮಗ; ದರ್ಜಿಯ ಹುಡುಗನಿಗೆ ಆ ಮಗನ ಮುಖವನ್ನು ಕೂಡಿಸಿ, ಅದೇ ಹಣ ಕೈಗಿತ್ತು, ತಾಯಿಯೊಡನೆ ದೇಶ ಬಿಟ್ಟು ಹೋಗೆಂದು ಕಳುಹಿಸಿದ್ದಾನೆ! ಆ ಊರಿನಲ್ಲಿ ನ್ಯಾಯಾಧೀಶನಿಗೂ ಸನ್ನದಿತ್ತು ಎಂಬುದನ್ನು ಓದುಗನು ತಾನೇ ನೆನೆದುಕೊಳ್ಳಬೇಕು. ತೆಜುಕಾ ಬಾಯಿಬಿಟ್ಟು ಹೇಳುವುದಿಲ್ಲ.

ಇನ್ನೊಂದು ಕಥೆ ನಮಗೆ ಇದಕ್ಕಿಂತ ಪ್ರಿಯವಾದುದು. ಬ್ಲ್ಯಾಕ್ ಜ್ಯಾಕ್ ಹುಡುಗನಾಗಿದ್ದಾಗ ಸ್ಫೋಟದಲ್ಲಿ ಛಿದ್ರವಾದ ಅವನ ದೇಹವನ್ನು ಹೊಲಿದು ಉಳಿಸಿದವರು ಹೊನ್ಮ ಎಂಬ ವೈದ್ಯರು. ಎಷ್ಟೋ ವರ್ಷಗಳ ಮೇಲೆ ಅವರಿಂದ ಅಂಚೆಯಲ್ಲಿ ಒಂದು ಕಟ್ಟು ಬರುತ್ತದೆ. ಒಳಗೆ ಸುಣ್ಣದಂಥ ಚಿಪ್ಪಿನಲ್ಲಿ ಮುಚ್ಚಿಹೋದ ಒಂದು ಕತ್ತಿ. ಅಂದಿನ ಶಸ್ತ್ರಕ್ರಿಯೆಯಲ್ಲಿ ಹೊನ್ಮರು ಅದನ್ನು ಹುಡುಗನ ದೇಹದಲ್ಲಿಯೇ ಮರೆತಿದ್ದರು; ಅದು ಮಾಂಸವನ್ನು ಕೊಯ್ಯದಂತೆ ದೇಹವು ತಾನೇ ಮುತ್ತಿನ ಹಾಗೆ ಪೊರೆ ಕಟ್ಟಿಕೊಂಡಿತ್ತು. ಏಳು ವರ್ಷದ ಮೇಲೆ ಗುಟ್ಟಾಗಿ ತೆಗೆದಿಟ್ಟುಕೊಂಡವರು ಸಾಯುವ ಕಾಲಕ್ಕೆ ಒಪ್ಪಿಕೊಳ್ಳುತ್ತಾರೆ. ಶಿಷ್ಯನು ಓಡಿಬಂದು ಅವರ ಮೇಲೆ ಶಸ್ತ್ರಕ್ರಿಯೆ ಮಾಡುತ್ತಾನೆ. ಕೈಯಲ್ಲಿ ಒಂದು ತಪ್ಪಿಲ್ಲ. ಆದರೂ ಗುರು ಉಳಿಯುವುದಿಲ್ಲ. ಸನ್ನದುಳ್ಳವರು ತಪ್ಪು ಮಾಡಿದ್ದರೂ ಹುಡುಗ ಬದುಕಿದ. ಸನ್ನದಿಲ್ಲದವನು ತಪ್ಪು ಮಾಡದಿದ್ದರೂ ಮುದುಕರು ಸತ್ತರು. ಇದನ್ನು ಹುಡುಗರ ಪತ್ರಿಕೆಯಲ್ಲಿ ಬರೆಯಲು ಎದೆಗಾರಿಕೆ ಬೇಕು.

ಕಾನೂನೇ ಬಾಗಿಲು ಮುಚ್ಚಿದಾಗ ಹುಟ್ಟುವ ಗುಟ್ಟಿನ ವೈದ್ಯನು ಬೇರೊಂದು ಬಗೆ. ಜಾನ್ ಇರ್ವಿಂಗ್ 1985ರಲ್ಲಿ ಬರೆದ 'ದಿ ಸೈಡರ್ ಹೌಸ್ ರೂಲ್ಸ್' ಕಾದಂಬರಿಯಲ್ಲಿ ಅನಾಥಾಲಯದ ಡಾಕ್ಟರು ಲಾರ್ಚ್ ಎಂಬವರು, ಗರ್ಭಪಾತ ಅಪರಾಧವಾಗಿದ್ದ ಕಾಲದಲ್ಲಿ, ಬೇರೆ ದಾರಿಯಿಲ್ಲದೆ ಬಂದ ಹೆಣ್ಣುಮಕ್ಕಳಿಗೆ ಅದನ್ನು ಮಾಡುತ್ತಾರೆ. ಅಲ್ಲಿಯೇ ಬೆಳೆದ ಹೋಮರ್ ಎಂಬ ಹುಡುಗನಿಗೆ ಕಾಲೇಜಿಲ್ಲದೆಯೇ ವಿದ್ಯೆ ಕಲಿಸಿ, ಸತ್ತುಹೋದ ಅನಾಥ ಹುಡುಗನೊಬ್ಬನ ಹೆಸರಿನಲ್ಲಿ ಸುಳ್ಳು ಪದವಿ ಪತ್ರಗಳನ್ನೂ ತಯಾರಿಸಿಡುತ್ತಾರೆ. ನಮ್ಮ ದೇಶದಲ್ಲಿ ಈ ವಿಷಯಕ್ಕೆ 1971ರಲ್ಲಿ ಕಾನೂನು ಬಂತು. ಅಮೆರಿಕದಲ್ಲಿ 1973ರಲ್ಲಿ ನ್ಯಾಯಾಲಯ ಕೊಟ್ಟ ಹಕ್ಕನ್ನು 2022ರಲ್ಲಿ ಅದೇ ನ್ಯಾಯಾಲಯ ಹಿಂತೆಗೆದುಕೊಂಡಿತು. ಹಳೆಯ ಕಾಲದ ಕಥೆಯೆಂದು ಈ ಪುಸ್ತಕವನ್ನು ಮೂಲೆಗಿಡುವಂತಿಲ್ಲ.

ನಮ್ಮಂಥ ವಲಸೆ ಬಂದ ಜನಕ್ಕೆ ಹತ್ತಿರವಾಗುವವನು ಮಾತ್ರ ಓಕ್ವೆ. 2002ರ 'ಡರ್ಟಿ ಪ್ರೆಟಿ ಥಿಂಗ್ಸ್' ಎಂಬ ಇಂಗ್ಲಿಷ್ ಚಿತ್ರದ ನಾಯಕ. ನೈಜೀರಿಯದಲ್ಲಿ ಡಾಕ್ಟರಾಗಿದ್ದವನು. ಲಂಡನ್ನಿನಲ್ಲಿ ಕಾಗದಪತ್ರವಿಲ್ಲದೆ ಹಗಲು ಬಾಡಿಗೆ ಕಾರು ಓಡಿಸುತ್ತಾನೆ, ರಾತ್ರಿ ಹೋಟೆಲಿನ ಗಲ್ಲೆಯ ಹತ್ತಿರ ನಿಲ್ಲುತ್ತಾನೆ, ನಿದ್ದೆ ಬಾರದಂತೆ ಎಲೆ ಅಗಿಯುತ್ತಾನೆ. ಜೊತೆಯ ಡ್ರೈವರುಗಳು ಆಸ್ಪತ್ರೆಯಲ್ಲಿ ಹೇಳಲಾರದ ಕಾಯಿಲೆಯನ್ನು ಇವನಿಗೆ ತೋರಿಸುತ್ತಾರೆ. ಒಂದು ರಾತ್ರಿ ಹೋಟೆಲಿನ ಪಾಯಖಾನೆ ಕಟ್ಟಿಕೊಂಡಿತೆಂದು ಕೈಹಾಕಿದರೆ ಸಿಕ್ಕಿದ್ದು ಮನುಷ್ಯನ ಹೃದಯ! ಅದೇ ಹೋಟೆಲಿನಲ್ಲಿ ಬಡ ವಲಸೆಗಾರರ ಮೂತ್ರಪಿಂಡ ತೆಗೆದುಕೊಂಡು ಬದಲಿಗೆ ಪಾಸ್‌ಪೋರ್ಟು ಕೊಡುವ ವ್ಯಾಪಾರ ನಡೆದಿತ್ತು. ಇವನು ಡಾಕ್ಟರೆಂದು ತಿಳಿದ ಮ್ಯಾನೇಜರನು, ನೀನೇ ಕತ್ತಿ ಹಿಡಿ ಎಂದು ಒತ್ತಾಯಿಸುತ್ತಾನೆ. ಮುಂದಿನದನ್ನು ಹೇಳಿ ನೋಡುವವರ ಸ್ವಾರಸ್ಯ ಕೆಡಿಸುವುದಿಲ್ಲ. ಇಷ್ಟು ಮಾತ್ರ ಹೇಳಬಹುದು: ಬೇರೆ ಕಥೆಗಳಲ್ಲಿ ವೈದ್ಯನು ಕಳ್ಳರ ಗುಟ್ಟು ಕಾಯುತ್ತಾನೆ, ಇಲ್ಲಿ ವೈದ್ಯನ ವಿದ್ಯೆಯೇ ಅವನು ಬಚ್ಚಿಡಬೇಕಾದ ಗುಟ್ಟು.

ಕಳೆದ ಕೂಟದಲ್ಲಿ ಹಿರಿಯರೊಬ್ಬರು ಕೇಳಿದ್ದರು: ಇಂಥ ಕಥೆ ಓದಿದ ಬಡವನು ನಾಳೆ ನಕಲಿ ಡಾಕ್ಟರನ ಬಾಗಿಲಿಗೆ ಹೋದರೆ ಅದರ ಹೊಣೆ ಯಾರದು? ಪ್ರಶ್ನೆ ಹಗುರವಾದುದಲ್ಲ. ಉತ್ತರಪ್ರದೇಶದ ಉನ್ನಾವೊ ಜಿಲ್ಲೆಯ ಬಾಂಗರ್‌ಮವು ಪ್ರದೇಶದಲ್ಲಿ ಮನೆಮನೆಗೆ ತಿರುಗಿ ಕಡಿಮೆ ಹಣಕ್ಕೆ ಸೂಜಿ ಚುಚ್ಚುತ್ತಿದ್ದವನೊಬ್ಬನಿಂದ ಹತ್ತಾರು ಜನರಿಗೆ ಎಚ್.ಐ.ವಿ. ತಗುಲಿತೆಂದು 2018ರಲ್ಲಿ ಬಯಲಾಯಿತು. ಒಂದೇ ಸೂಜಿ ಎಲ್ಲರಿಗೂ ಎಂಬುದು ಆರೋಪ. ಬ್ಲ್ಯಾಕ್ ಜ್ಯಾಕನ ಕಥೆಗಳಲ್ಲಿ ಇಂಥವನು ನಾಯಕನಾಗುವುದಿಲ್ಲ. ಕಥೆಯ ಗುಟ್ಟಿನ ವೈದ್ಯನು ಮೊದಲು ವೈದ್ಯ, ಆಮೇಲೆ ಸನ್ನದಿಲ್ಲದವನು. ಓಣಿಯವನಿಗೆ ಸನ್ನದೂ ಇಲ್ಲ, ವಿದ್ಯೆಯೂ ಇಲ್ಲ. ಈ ಎರಡನ್ನು ಬೆರೆಸುವುದು ಕಥೆಗಾರನ ತಪ್ಪೆಂದು ನಮಗೆ ತೋರುವುದಿಲ್ಲವಾದರೂ, ಅವನು ಒಂದು ಕಡೆ ಮೋಸ ಮಾಡುತ್ತಾನೆಂಬುದನ್ನು ಒಪ್ಪಬೇಕು. ಗುಟ್ಟಿನ ವೈದ್ಯನ ಕೈಯಲ್ಲಿ ಕೆಟ್ಟುಹೋದ ರೋಗಿಯ ಮನೆಯವರನ್ನು ಅವನು ನಮಗೆ ತೋರಿಸುವುದು ಬಹಳ ಅಪರೂಪ.

ಆದರೆ ಜನ ಆ ಬಾಗಿಲಿಗೆ ಹೋಗುವುದು ಕಥೆ ಓದಿ ಅಲ್ಲ. ಗಿರಣಿಯ ಮೇಜಿನ ಈಚೆ ಕುಳಿತು ನಾವು ಕಂಡಿರುವುದು ಬೇರೆ. ಕಾಯಂ ಕೆಲಸಗಾರನಿಗೆ ಇ.ಎಸ್.ಐ. ಕಾರ್ಡು ಉಂಟು, 1948ರ ಕಾನೂನಿನ ಪ್ರಕಾರ ಆ ಯೋಜನೆ 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾಯಿತು. ಗುತ್ತಿಗೆಯವನ ಬಳಿಗೂ ಆ ಕಾರ್ಡು ಬರಬೇಕು, ಆದರೆ ಅನೇಕರ ಹೆಸರನ್ನು ಗುತ್ತಿಗೆದಾರನು ಬರೆಸಿಯೇ ಇರುವುದಿಲ್ಲ. ಅಂಥವನಿಗೆ ಜ್ವರ ಬಂದರೆ ಹಗಲು ಆಸ್ಪತ್ರೆಯ ಸಾಲಿನಲ್ಲಿ ನಿಂತಷ್ಟು ಹೊತ್ತಿನ ಕೂಲಿ ಹೋಯಿತು. ರಾತ್ರಿ ಹತ್ತಕ್ಕೂ ತೆರೆದಿರುವ, ಸಾಲ ಕೊಡುವ, ತನ್ನ ಭಾಷೆಯಲ್ಲಿ "ಏನಾಯ್ತಪ್ಪಾ" ಎಂದು ಕೇಳುವ ಬಾಗಿಲು ಓಣಿಯಲ್ಲಿಯೇ ಇದೆ. ಹೋಗುತ್ತಾನೆ. ಆಮೇಲೆ ತಂದ ಚೀಟಿಗೆ ನಂಬರಿಲ್ಲವೆಂದು ನಾವು ವಾಪಸು ಕೊಡಬೇಕಾಗುತ್ತದೆ. ಪುಸ್ತಕದಲ್ಲಿ ಹೆಸರಿಲ್ಲದ ಕೆಲಸಗಾರ, ಪಟ್ಟಿಯಲ್ಲಿ ಹೆಸರಿಲ್ಲದ ವೈದ್ಯ. ಇಬ್ಬರೂ ಒಬ್ಬರನ್ನೊಬ್ಬರು ಹುಡುಕಿಕೊಂಡಿರುತ್ತಾರೆ. ಇದನ್ನು ಓಕ್ವೆಯ ಕಥೆ ಬರೆದವನು ಕಂಡಿದ್ದಾನೆ. ಗುಂಡು ಟಣ್ಣೆನ್ನಿಸುವವರು ಕಂಡಿಲ್ಲ.

ನಮ್ಮ ಓಣಿಗಳ ಈ ವೈದ್ಯನನ್ನು, ಅವನ ಬಾಗಿಲಲ್ಲಿ ಕುಳಿತವರನ್ನು ಕುರಿತು ಇದೇ ಊರಿನ ಕನ್ನಡಿಗರಲ್ಲಿ ಯಾರಾದರೂ ಕಥೆ ಬರೆದು ತಂದರೆ ಸಂಘದ ಕೈಬರಹದ ಪತ್ರಿಕೆಯಲ್ಲಿ ಜಾಗವಿದೆ. ಪುಟ ಎಂಟನ್ನು ಮೀರದಂತೆ, ಕಾಗದದ ಒಂದೇ ಮಗ್ಗುಲಿಗೆ ಬರೆದು, ಮುಂದಿನ ತಿಂಗಳ ಕೂಟದೊಳಗೆ ಕೊಡಬೇಕಾಗಿ ವಿನಂತಿ.