ಹೆಣ್ಣು ಪತಂಗದ ಕರೆ ಮತ್ತು ನಮ್ಮ ಮೋಹಕ ಬಲೆ

(ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ರೈತರ ಮುಂದೆ ಮಾಡಿದ ಭಾಷಣ)



ಕಡಲೆ, ತೊಗರಿಯ ಕಾಯಿಕೊರಕ ಹುಳುವನ್ನು ನೀವೆಲ್ಲ ಬಲ್ಲಿರಿ. ಅದರ ತಾಯಿ ಪತಂಗ ರಾತ್ರಿ ವೇಳೆ ವಾಸನೆ ಬೀರಿ ಗಂಡನ್ನು ಕರೆಯುತ್ತದೆ. ಈ ಕರೆಗೆ ಅಪ್ಪಣೆ ಕೊಡುವವರು ಯಾರು?

ಇದರ ಹತ್ತಿರದ ಬಂಧುವಾದ ಮುಸುಕಿನ ಜೋಳದ ತೆನೆಕೊರಕದ ಮೇಲೆ ಅಮೆರಿಕದಲ್ಲಿ ಅಶೋಕ್ ರೈನಾ ಮತ್ತು ಸಂಗಡಿಗರು ಪ್ರಯೋಗ ನಡೆಸಿದರು. ಹೆಣ್ಣು ಪತಂಗದ ಕತ್ತನ್ನು ಬಿಗಿದು ಕಟ್ಟಿದಾಗ ವಾಸನೆ ತಯಾರಾಗಲಿಲ್ಲ. ಮಿದುಳಿನ ಸಾರವನ್ನು ಚುಚ್ಚಿದಾಗ ಮತ್ತೆ ತಯಾರಾಯಿತು. ಆ ಸಾರದಲ್ಲಿದ್ದ ವಸ್ತು 1989ರಲ್ಲಿ ತಿಳಿದುಬಂತು. ಅದು 33 ಅಮೈನೋ ಆಮ್ಲಗಳ ಸರಪಳಿ, ಒಂದು ನರಪೆಪ್ಟೈಡ್. ಹೊಟ್ಟೆಯ ತುದಿಯ ಗ್ರಂಥಿಯಲ್ಲಿರುವ ಗ್ರಾಹಿಗಳಿಗೆ ಅದು ಬೀಗಕ್ಕೆ ಕೀಲಿಕೈಯಂತೆ ಕೂಡಿದಾಗ ವಾಸನೆ ಹುಟ್ಟುತ್ತದೆ.

ಮೋಹಕ ಬಲೆಯ ಗುಳಿಗೆಯಲ್ಲಿರುವುದು ಈ ವಾಸನೆಯ ನಕಲು. ಬಲೆಗೆ ಬೀಳುವುದು ಗಂಡು ಮಾತ್ರ. ಮೊಟ್ಟೆ ಇಡುವ ಹೆಣ್ಣು ಹೊಲದಲ್ಲೇ ಉಳಿಯುತ್ತದೆ. ಆದ್ದರಿಂದ ಬಲೆ ಕಟ್ಟಿ ಮನೆಯಲ್ಲಿ ಕೂರಬೇಡಿ. ಅದು ಕೊಡುವುದು ಮುನ್ಸೂಚನೆ. ಎಕರೆಗೆ 2 ಬಲೆಗಳನ್ನು ಬೆಳೆಗಿಂತ ಒಂದು ಅಡಿ ಎತ್ತರದಲ್ಲಿ ಕಟ್ಟಿ. ಪ್ರತಿದಿನ ಬೆಳಿಗ್ಗೆ ಪತಂಗಗಳನ್ನು ಎಣಿಸಿ ಬರೆದಿಡಿ. ಮೂರು ನಾಲ್ಕು ವಾರಕ್ಕೊಮ್ಮೆ ಗುಳಿಗೆ ಬದಲಿಸಿ. ಎಣಿಕೆ ಏರತೊಡಗಿದರೆ ಚಿಗುರು, ಹೂಗಳನ್ನು ತಿರುವಿ ಮೊಟ್ಟೆ, ಮರಿಹುಳುಗಳನ್ನು ಹುಡುಕಿ. ಮರಿಹುಳು ಚಿಕ್ಕದಿರುವಾಗಲೇ ಸಿಂಪರಣೆ ಫಲ ಕೊಡುವುದು. ಅದು ಕಾಯೊಳಗೆ ತಲೆ ತೂರಿಸಿದ ಮೇಲೆ ಖರ್ಚು ನಿಮ್ಮದು, ಕಾಳು ಹುಳುವಿನದು.