ವಿದೇಶಾಂಗ ಸಹಾಯಕ ಸಚಿವ ಸ್ಥಾನ: ಅಲಂಕಾರವೋ ಹೊಣೆಗಾರಿಕೆಯೋ?





ಫಿರ್‌ಔನನ ಆಸ್ಥಾನಕ್ಕೆ ಹೋಗುವಂತೆ ಅಲ್ಲಾಹನು ಆಜ್ಞಾಪಿಸಿದಾಗ ಪ್ರವಾದಿ ಮೂಸಾ(ಅ) ತಮಗೊಬ್ಬ ಸಹಾಯಕನನ್ನು ಬೇಡಿಕೊಂಡರು. ಸಹೋದರ ಹಾರೂನರನ್ನು(ಅ) ತಮ್ಮ ಜೊತೆಗೆ ನಿಯೋಜಿಸಬೇಕೆಂದು ಪ್ರಾರ್ಥಿಸಿದರು. ಪವಿತ್ರ ಕುರ್‌ಆನ್ ಅಲ್ಲಿ ಬಳಸಿರುವ ಪದ 'ವಝೀರ್'. ಹೊರೆಯನ್ನು ಹೊರುವವನು ಎಂಬ ಅರ್ಥ ಆ ಪದದ ಮೂಲದಲ್ಲಿದೆ. ಸಚಿವನೆಂದರೆ ಹೊರೆ ಹೊರುವವನು, ಹಾರ ಹಾಕಿಸಿಕೊಳ್ಳುವವನಲ್ಲ. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ನಮ್ಮ ದೇಶದ ವಿದೇಶಾಂಗ ಖಾತೆಯ ಸಹಾಯಕ ಸಚಿವ ಸ್ಥಾನದ ಇತಿಹಾಸವನ್ನು ನಾವು ಇಂದು ಅವಲೋಕಿಸೋಣ.

ಈ ವಿಷಯ ನಮಗೇಕೆ ಎಂದು ಕೆಲವರು ಕೇಳಬಹುದು. ಮಂಗಳೂರು, ಉಡುಪಿ, ಭಟ್ಕಳಗಳಲ್ಲಿ ಕೊಲ್ಲಿ ರಾಷ್ಟ್ರಗಳ ದುಡಿಮೆಯಿಂದ ಒಲೆ ಉರಿಯುವ ಮನೆಗಳು ಅಸಂಖ್ಯ. ಅಲ್ಲಿ ಮಗನ ಪಾಸ್‌ಪೋರ್ಟನ್ನು ಮಾಲೀಕನು ಕಿತ್ತಿಟ್ಟುಕೊಂಡರೆ, ವೇತನ ನಿಂತರೆ, ಮರಣ ಸಂಭವಿಸಿ ಮಯ್ಯಿತ್ ಊರಿಗೆ ತಲುಪದಿದ್ದರೆ, ಆ ಕಡತ ಕೊನೆಗೆ ಹೋಗಿ ಸೇರುವುದು ವಿದೇಶಾಂಗ ಸಚಿವಾಲಯಕ್ಕೆ. ಸಚಿವರು ಮಹಾಶಕ್ತಿಗಳೊಡನೆ ಮಾತುಕತೆಯಲ್ಲಿರುವಾಗ ಇಂತಹ ಕಡತಗಳು ಅನೇಕ ಬಾರಿ ಸಹಾಯಕ ಸಚಿವರ ಮೇಜಿಗೆ ಬರುತ್ತವೆ. ಆದ್ದರಿಂದ ಆ ಮೇಜಿನ ಇತಿಹಾಸವು ನಮ್ಮ ಮನೆಗಳ ಇತಿಹಾಸವೂ ಹೌದು.

ಸ್ವಾತಂತ್ರ್ಯಾನಂತರ ಪಂಡಿತ್ ನೆಹರೂ 1964ರಲ್ಲಿ ನಿಧನರಾಗುವ ತನಕ ವಿದೇಶಾಂಗ ಖಾತೆಯನ್ನು ತಮ್ಮಲ್ಲಿಯೇ ಇರಿಸಿಕೊಂಡಿದ್ದರು. ಪ್ರಧಾನಿಯೇ ವಿದೇಶಾಂಗ ಸಚಿವರಾಗಿದ್ದುದರಿಂದ ಸಂಸತ್ತಿನಲ್ಲಿ ಪ್ರಶ್ನೆಗಳಿಗೆ ಉತ್ತರಿಸಲು, ದೈನಂದಿನ ವ್ಯವಹಾರ ನೋಡಿಕೊಳ್ಳಲು ಅವರಿಗೆ ಉಪ ಸಚಿವರು ಬೇಕಾದರು. ಬಿ.ವಿ. ಕೇಸ್ಕರ್, ಅನಿಲ್ ಚಂದಾ, ಲಕ್ಷ್ಮಿ ಮೆನನ್ ಮೊದಲಾದವರು ಈ ಹೊಣೆಯನ್ನು ಹೊತ್ತರು. 1954ರ ಕೊನೆಯಲ್ಲಿ ಡಾ. ಸೈಯದ್ ಮಹ್ಮೂದ್ ಅದೇ ಸಚಿವಾಲಯಕ್ಕೆ ಸಚಿವರಾಗಿ ಬಂದರು. ನೆಹರೂ, ಮೌಲಾನಾ ಆಝಾದರೊಂದಿಗೆ ಅಹಮದ್‌ನಗರ ಕೋಟೆಯಲ್ಲಿ ಸೆರೆವಾಸ ಅನುಭವಿಸಿದ್ದ ಹೋರಾಟಗಾರರು ಅವರು. 1955ರ ಬಾಂಡುಂಗ್ ಸಮ್ಮೇಳನಕ್ಕೆ ತೆರಳಿದ ಭಾರತೀಯ ನಿಯೋಗದಲ್ಲಿಯೂ ಇದ್ದರು.

ಆದರೆ ಮಹ್ಮೂದರ ಜೀವನದ ಮುಂದಿನ ಅಧ್ಯಾಯವನ್ನು ನಾವು ಮರೆಯಬಾರದು. 1964ರ ಆರಂಭದಲ್ಲಿ ಕಲ್ಕತ್ತಾ, ಜಂಷೆಡ್‌ಪುರ, ರೂರ್ಕೆಲಾಗಳಲ್ಲಿ ರಕ್ತ ಹರಿದಾಗ ಆ ಹಿರಿಯರು ಮೌನವಾಗಿ ಕುಳಿತುಕೊಳ್ಳಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಲಕ್ನೋದಲ್ಲಿ ವಿವಿಧ ಮುಸ್ಲಿಮ್ ಸಂಘಟನೆಗಳು ಒಂದೆಡೆ ಸೇರಿ ಮಜ್ಲಿಸೆ ಮುಶಾವರತ್ ಸ್ಥಾಪಿಸಿದಾಗ ಅದರ ಪ್ರಥಮ ಅಧ್ಯಕ್ಷತೆಯನ್ನು ವಹಿಸಿಕೊಂಡರು. ಹುದ್ದೆ ಹೋದರೂ ಹೊರೆಯನ್ನು ಅವರು ಕೆಳಗಿಡಲಿಲ್ಲ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಅರಬ್ ರಾಷ್ಟ್ರಗಳೊಂದಿಗೆ ಸಂಬಂಧ ಬೆಳೆಸುವಾಗ ಮುಸ್ಲಿಮ್ ನಾಯಕರೊಬ್ಬರನ್ನು ಮುಂದಿಡುವ ಪರಿಪಾಠ ದಿಲ್ಲಿಯ ಸರಕಾರಗಳಲ್ಲಿ ಬೆಳೆದು ಬಂದಿತು. 1969ರ ಸೆಪ್ಟೆಂಬರ್‌ನಲ್ಲಿ ರಬಾತ್‌ನ ಇಸ್ಲಾಮೀ ಶೃಂಗಸಭೆಗೆ ಕೇಂದ್ರ ಸಚಿವ ಫಕ್ರುದ್ದೀನ್ ಅಲಿ ಅಹ್ಮದ್‌ರ ನೇತೃತ್ವದಲ್ಲಿ ನಿಯೋಗವನ್ನು ಕಳುಹಿಸಲಾಯಿತು. ಅವರು ವಿದೇಶಾಂಗ ಖಾತೆಯವರಾಗಿರಲಿಲ್ಲ ಎಂಬುದನ್ನು ಗಮನಿಸಿರಿ. ಅದೇ ದಿನಗಳಲ್ಲಿ ಅಹ್ಮದಾಬಾದ್ ಹೊತ್ತಿ ಉರಿಯುತ್ತಿತ್ತು. ಪಾಕಿಸ್ತಾನದ ವಿರೋಧದಿಂದಾಗಿ ನಮ್ಮ ನಿಯೋಗವನ್ನು ಸಭೆಯಿಂದ ಹೊರಗಿಡಲಾಯಿತು. ಪಾಕಿಸ್ತಾನದ ರಾಜಕಾರಣವನ್ನು ಸಮರ್ಥಿಸುವ ಅಗತ್ಯ ನಮಗಿಲ್ಲ. ಆದರೆ ಮನೆಯಲ್ಲಿ ನ್ಯಾಯವಿಲ್ಲದಾಗ ಹೊರಗೆ ಕಳುಹಿಸುವ ಮುಖಕ್ಕೆ ಬೆಲೆ ಕಡಿಮೆಯಾಗುತ್ತದೆಂಬ ಪಾಠ ಅಲ್ಲಿದೆ.

ಅನಂತರದ ದಶಕಗಳಲ್ಲಿ ಎ.ಎ. ರಹೀಮ್, ಖುರ್ಷಿದ್ ಆಲಂ ಖಾನ್, ಸಲ್ಮಾನ್ ಖುರ್ಷಿದ್, ಸಲೀಮ್ ಶೇರ್ವಾನಿ ಈ ಸ್ಥಾನಕ್ಕೆ ಬಂದರು. ಖುರ್ಷಿದ್ ಆಲಂ ಖಾನ್ 1991ರಿಂದ 1999ರ ವರೆಗೆ ನಮ್ಮ ರಾಜ್ಯದ ರಾಜ್ಯಪಾಲರಾಗಿದ್ದುದು ತಮಗೆಲ್ಲ ತಿಳಿದಿದೆ. 2001ರಲ್ಲಿ ವಾಜಪೇಯಿ ಸರಕಾರದಲ್ಲಿ ಉಮರ್ ಅಬ್ದುಲ್ಲಾ ಇದೇ ಹುದ್ದೆಯಲ್ಲಿದ್ದರು. 2002ರ ಗುಜರಾತ್ ಹತ್ಯಾಕಾಂಡದ ವೇಳೆ ಅವರು ರಾಜೀನಾಮೆ ನೀಡಲಿಲ್ಲ. ಆಗ ಹೊರಬರದೆ ಇದ್ದುದು ತಪ್ಪೆಂದು, ತಮ್ಮ ಮನಸ್ಸಾಕ್ಷಿ ತಮ್ಮನ್ನಿನ್ನೂ ಕ್ಷಮಿಸಿಲ್ಲವೆಂದು 2008ರಲ್ಲಿ ಲೋಕಸಭೆಯಲ್ಲಿ ಅವರೇ ಒಪ್ಪಿಕೊಂಡರು. ಅಧಿಕಾರ ಅಲ್ಲಾಹನು ಒಪ್ಪಿಸಿದ ಅಮಾನತ್. ಅದರ ಲೆಕ್ಕವನ್ನು ಮೊದಲು ಕೇಳುವುದು ಮನಸ್ಸಾಕ್ಷಿಯೇ.

2004ರಲ್ಲಿ ಇ. ಅಹ್ಮದ್ ವಿದೇಶಾಂಗ ಖಾತೆಯ ಸಹಾಯಕ ಸಚಿವರಾದುದು ಒಂದು ಮೈಲಿಗಲ್ಲು. ಮುಸ್ಲಿಮ್ ಲೀಗ್‌ನ ಪ್ರತಿನಿಧಿಯೊಬ್ಬರು ಸ್ವತಂತ್ರ ಭಾರತದ ಕೇಂದ್ರ ಸಚಿವ ಸ್ಥಾನಕ್ಕೇರಿದುದು ಅದೇ ಮೊದಲು. ಅಧಿಕಾರ ವಹಿಸಿಕೊಂಡ ಕೆಲವೇ ವಾರಗಳಲ್ಲಿ ಇರಾಕ್‌ನಲ್ಲಿ ಮೂವರು ಭಾರತೀಯ ಲಾರಿ ಚಾಲಕರು ಒತ್ತೆಯಾಳುಗಳಾದರು. ಅವರ ಬಿಡುಗಡೆಗಾಗಿ ದಿಲ್ಲಿಯಲ್ಲಿ ನಡೆದ ಪ್ರಯತ್ನದ ಹೊಣೆ ಅಹ್ಮದ್‌ರ ಹೆಗಲಿಗೆ ಬಿತ್ತು. ಸೆಪ್ಟೆಂಬರ್ 1ರಂದು ಚಾಲಕರು ಬಿಡುಗಡೆಗೊಂಡರು. ಅವರು ಯಾವ ಧರ್ಮದವರು ಎಂದು ಯಾರೂ ಕೇಳಲಿಲ್ಲ, ಕೇಳಲೂಬಾರದು. 2017ರ ಜನವರಿ 31ರಂದು ರಾಷ್ಟ್ರಪತಿಗಳ ಭಾಷಣದ ನಡುವೆ ಸಂಸತ್ತಿನಲ್ಲಿಯೇ ಕುಸಿದ ಅಹ್ಮದ್ ಮರುದಿನ ನಿಧನರಾದರು. ಅಲ್ಲಾಹನು ಅವರಿಗೆ ಮಗ್ಫಿರತ್ ನೀಡಲಿ.

ಇನ್ನು ಹಜ್ಜ್ ವಿಷಯ. 2016ರ ವರೆಗೆ ಹಜ್ಜ್ ವ್ಯವಹಾರಗಳು ವಿದೇಶಾಂಗ ಸಚಿವಾಲಯದಲ್ಲಿಯೇ ಇದ್ದವು. ಆ ವರ್ಷ ಅವು ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯಕ್ಕೆ ವರ್ಗವಾದವು. ಅದಕ್ಕೂ ಮುನ್ನ ಸಚಿವರ ಬಾಗಿಲಲ್ಲಿ ಶಿಫಾರಸು ಪತ್ರಕ್ಕಾಗಿ ಸರದಿ ನಿಲ್ಲುತ್ತಿದ್ದವರು ಯಾರು? ಸಮುದಾಯದ ಶ್ರೀಮಂತರು, ಸಂಘಟನೆಗಳ ಪದಾಧಿಕಾರಿಗಳು. ಚೀಟಿ ಎತ್ತುವಿಕೆಯಲ್ಲಿ ಹೆಸರು ಬಾರದೆ ವರ್ಷಗಟ್ಟಲೆ ಕಾಯುತ್ತಿದ್ದ ಬಡ ಮುದುಕಿಗೆ ಆ ಬಾಗಿಲು ಯಾವುದೆಂದೇ ತಿಳಿದಿರಲಿಲ್ಲ. ಸರಕಾರದ ವಿವೇಚನಾ ಕೋಟಾಕ್ಕೆ 2012ರಲ್ಲಿ ಸುಪ್ರೀಮ್ ಕೋರ್ಟ್ ಕಡಿವಾಣ ಹಾಕಿತು. 2023ರಲ್ಲಿ ಗಣ್ಯರ ಕೋಟಾವನ್ನು ಸರಕಾರವೇ ರದ್ದುಪಡಿಸಿತು. ಸಮಾನತೆಯನ್ನು ಕಲಿಸುವ ಆರಾಧನೆಗೆ ಶಿಫಾರಸಿನ ಮೂಲಕ ಹೋಗುವುದು ನ್ಯಾಯವಲ್ಲವೆಂದು ಸಮುದಾಯವೇ ಮೊದಲು ಹೇಳಬೇಕಾಗಿತ್ತಲ್ಲವೇ?

ಸಹೋದರರೇ, 2024ರ ಜೂನ್‌ನಲ್ಲಿ ರಚನೆಯಾದ ಕೇಂದ್ರ ಸಚಿವ ಸಂಪುಟದಲ್ಲಿ ಒಬ್ಬನೇ ಒಬ್ಬ ಮುಸ್ಲಿಮ್ ಸಚಿವರಿಗೂ ಸ್ಥಾನ ದೊರೆಯಲಿಲ್ಲ. ಇದು ಪ್ರಜಾಪ್ರಭುತ್ವಕ್ಕೆ ಶೋಭೆ ತರುವ ಸಂಗತಿಯಲ್ಲ. ಪ್ರಾತಿನಿಧ್ಯಕ್ಕಾಗಿ ಸಾಂವಿಧಾನಿಕ ಮಾರ್ಗದಲ್ಲಿ ಧ್ವನಿ ಎತ್ತುವುದು ನಮ್ಮ ಹಕ್ಕು. ಆದರೆ ಪ್ರಾತಿನಿಧ್ಯವೆಂದರೆ ಕೇವಲ ಒಂದು ಹೆಸರಲ್ಲ. 2015ರಲ್ಲಿ ಯಮನ್ ಯುದ್ಧದ ನಡುವೆ ಸಹಾಯಕ ಸಚಿವ ವಿ.ಕೆ. ಸಿಂಗ್ ಜಿಬೂತಿಯಲ್ಲಿ ಬೀಡುಬಿಟ್ಟರು. 4,600ಕ್ಕೂ ಅಧಿಕ ಭಾರತೀಯರು ಆ ಕಾರ್ಯಾಚರಣೆಯಲ್ಲಿ ಪಾರಾದರು. 2024ರ ಜೂನ್‌ನಲ್ಲಿ ಕುವೈಟ್‌ನ ಕಾರ್ಮಿಕರ ವಸತಿಯಲ್ಲಿ ಬೆಂಕಿ ಬಿದ್ದಾಗ ಸಹಾಯಕ ಸಚಿವ ಕೀರ್ತಿವರ್ಧನ್ ಸಿಂಗ್ ಅಲ್ಲಿಗೆ ತೆರಳಿದರು. 45 ಭಾರತೀಯರ ಪಾರ್ಥಿವ ಶರೀರಗಳು ವಾಯುಪಡೆಯ ವಿಮಾನದಲ್ಲಿ ಕೊಚ್ಚಿಗೆ ಬಂದವು. ನಮಗೆ ರಾಜಕೀಯ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಒಳಿತನ್ನು ಯಾರು ಮಾಡಿದರೂ ಒಳಿತೆಂದೇ ಹೇಳಬೇಕು. ನ್ಯಾಯದ ತಕ್ಕಡಿ ನಮ್ಮವರಿಗೊಂದು, ಇತರರಿಗೊಂದು ಇರಲಾಗದು.

ಕೊನೆಯದಾಗಿ ಒಂದು ವಿನಂತಿ. ಸಚಿವರು ಬದಲಾಗುತ್ತಾರೆ, ವ್ಯವಸ್ಥೆ ಉಳಿಯುತ್ತದೆ. ವಿದೇಶದಲ್ಲಿ ಸಂಕಷ್ಟಕ್ಕೊಳಗಾದವರು ದೂರು ದಾಖಲಿಸಲು ಸರಕಾರವು 2015ರಲ್ಲಿ 'ಮದದ್' ವ್ಯವಸ್ಥೆಯನ್ನು ಆರಂಭಿಸಿತು. ನಿರ್ಗತಿಕರ ಮೃತದೇಹವನ್ನು ಊರಿಗೆ ತರುವುದು ಸೇರಿದಂತೆ ತುರ್ತು ನೆರವಿಗಾಗಿ 2009ರಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಸ್ಥಾಪನೆಯಾಯಿತು. ಇವು ನಮ್ಮ ಎಷ್ಟು ಮನೆಗಳಿಗೆ ತಿಳಿದಿವೆ? ಮಗ ವಿಮಾನ ಹತ್ತುವ ಮುನ್ನ ಅವನ ವೀಸಾ, ಕರಾರು ಪತ್ರ, ಪಾಸ್‌ಪೋರ್ಟುಗಳ ಪ್ರತಿ ಮನೆಯಲ್ಲಿರಲಿ. ಪ್ರತಿಯೊಂದು ಜಮಾಅತ್‌ನಲ್ಲಿ ಅರ್ಜಿ ಬರೆದುಕೊಡಬಲ್ಲ, ಇಂಗ್ಲಿಷ್ ಬಲ್ಲ ಇಬ್ಬರು ಯುವಕ ಯುವತಿಯರು ಸಿದ್ಧರಾಗಲಿ. ನೆರೆಯ ಹಿಂದೂ, ಕ್ರೈಸ್ತ ಸಹೋದರರ ಮಕ್ಕಳಿಗೂ ಆ ಸೇವೆ ದೊರೆಯಲಿ.

ಹೊರೆ ಹೊರುವವನೇ ವಝೀರ್. ಆ ಅರ್ಥದಲ್ಲಿ ಈ ಸಭೆಯಲ್ಲಿರುವ ಪ್ರತಿಯೊಬ್ಬರಿಗೂ ಒಂದು ಖಾತೆ ಇದೆ. ಅದನ್ನು ಪ್ರಾಮಾಣಿಕವಾಗಿ ನಿರ್ವಹಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.